ಸುರಂಗದ ನೀರು, ಅತ್ತೆಯ ಮೌನ

ಪ್ರಶ್ನೆ: ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರಿಗೆ ಅಜ್ಜನೂ ಪಕ್ಕದ ಮನೆಯವರೂ ಜಗಳವಾಡಿದರು. ಅತ್ತೆ ಆ ಮನೆಯ ಹುಡುಗನನ್ನೇ ಇಷ್ಟಪಟ್ಟು, ಮದುವೆಯಾಗದೆ ಉಳಿದು ತೀರಿಕೊಂಡರು. ಮೂರು ತಲೆಮಾರಿನ ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ?
– ಓದುಗರು, ಪೆರ್ಲ (ಕಾಸರಗೋಡು)

ಉತ್ತರ: ಸುರಂಗದೊಳಗಿಂದಲೇ! ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದ ಕತ್ತಲು, ಬಗ್ಗಿ ನಡೆಯುವ ಆಳು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ತೊಟ್ಟಿಕ್ಕುವ ನೀರು. ಏಪ್ರಿಲ್‌ನಲ್ಲಿ ಬೆರಳು ಗಾತ್ರದ ಆ ನೀರಿಗೇ ಅಲ್ವಾ ಜಗಳ?

ವ್ಯಾಜ್ಯ 1956ಕ್ಕಿಂತ ಹಿಂದಿನದಾದರೆ ಆಗ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಳೇ ಕಾಗದಗಳನ್ನು ಆ ಜಿಲ್ಲೆಯ ದಾಖಲೆಗಳಲ್ಲಿ ಹುಡುಕಿ. ಆದರೆ ಅದನ್ನೇ ಜಾಸ್ತಿ ಎಳೆಯಬೇಡಿ, ಓದುವವರು ಆಕಳಿಸುತ್ತಾರೆ.

ಅತ್ತೆಯ ಬಗ್ಗೆ ಬರೆಯಿರಿ. ನನ್ನ ದೊಡ್ಡಮ್ಮನೂ ಹಾಗೇ ಉಳಿದವರು. ಇಷ್ಟಪಟ್ಟ ಹುಡುಗನ ಮನೆಯವರ ಹೆಸರೆತ್ತುತ್ತಿರಲಿಲ್ಲ, ‘ಅವರು’ ಅಷ್ಟೇ. ಆದರೆ ಸಂಜೆ ಕೊಡಪಾನ ತುಂಬಿದ ಮೇಲೂ ಬೇಲಿ ಹತ್ತಿರ ಸುಮ್ನೆ ನಿಲ್ಲುತ್ತಿದ್ದರು.