ಕಿವಿಗಾಗಿ ಬರೆದವರ ಬಗ್ಗೆ ಬರೆಯುವಾಗ

ಪ್ರಿಯರೇ,

ಉರ್ದು ಲೇಖಕ, ಬಾನುಲಿ ಪ್ರಸಾರಕ ರಜಾ ಅಲಿ ಆಬಿದಿ ಅವರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ರೂರ್ಕಿಯಲ್ಲಿ ಹುಟ್ಟಿ, 1950ರಲ್ಲಿ ಮನೆಯವರೊಂದಿಗೆ ಕರಾಚಿಗೆ ಹೋಗಿ, ಅಲ್ಲಿನ ಪತ್ರಿಕೆಗಳಲ್ಲಿ ದುಡಿದು, 1972ರಲ್ಲಿ ಲಂಡನ್ನಿನ ಬಿಬಿಸಿ ಉರ್ದು ವಿಭಾಗ ಸೇರಿ 1996ರವರೆಗೆ ಅಲ್ಲಿದ್ದವರನ್ನು ಕನ್ನಡದಲ್ಲಿ ಪರಿಚಯಿಸಬೇಕು ಎಂದು ನಿಮಗೆ ಅನಿಸಿದ್ದೇ ಸಂತೋಷ. ಭಾಷೆ ಸರಾಗವಾಗಿದೆ. ಆದರೆ ಲೇಖನವನ್ನು ಈಗಿರುವ ಹಾಗೆ ಹಾಕಲಾರೆ. ಎರಡು ವಿಷಯ ನನ್ನನ್ನು ತೀರಾ ಕಾಡಿದವು.

ಮೊದಲನೆಯದು ಹೆಸರುಗಳು. ನೀವು ಉದ್ದಕ್ಕೂ "ರಾಜಾ ಅಲಿ ಅಬಿದಿ" ಎಂದು ಬರೆದಿದ್ದೀರಿ. ಇಂಗ್ಲಿಷ್ ಅಕ್ಷರ ನೋಡಿ ಕನ್ನಡಕ್ಕೆ ಇಳಿಸಿದ್ದೀರಿ ಎನ್ನುವುದು ಅಲ್ಲೇ ಗೊತ್ತಾಗುತ್ತದೆ. ರಾಜಾ ಅಂದರೆ ಅರಸ. ಇವರು ರಜಾ, ಮೊದಲ ಅಕ್ಷರ ಹ್ರಸ್ವ. ಅರ್ಥ ಒಪ್ಪಿಗೆ, ಸಮ್ಮತಿ. ನಾವು ಕಚೇರಿಗೆ ಬರೆದುಕೊಡುವ ರಜಾ ಚೀಟಿಯಲ್ಲಿರುವುದು ಇದೇ ಪದ. ಆಬಿದಿಯ ಮೊದಲ ಸ್ವರವೋ ದೀರ್ಘ. ಆಬಿದ್ ಅಂದರೆ ಆರಾಧಕ.

ಇದನ್ನು ಅಚ್ಚಿನ ತಪ್ಪು ಎಂದು ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ಎರಡನೇ ಪುಟದಲ್ಲಿ ಅದೇ ತಪ್ಪು ಅರ್ಥವನ್ನೇ ಕೆಡಿಸಿದೆ. ಸಿಂಧೂ ನದಿಯ ಗುಂಟ ಅವರು ಮಾಡಿದ ಪಯಣದ ಪುಸ್ತಕ "ಶೇರ್ ದರಿಯಾ". ಅದನ್ನು ನೀವು "ಕವಿತೆಯ ನದಿ" ಎಂದು ಅನುವಾದಿಸಿ, ಅದರ ಮೇಲೆ ಒಂದು ಇಡೀ ಪ್ಯಾರಾ ಕಟ್ಟಿದ್ದೀರಿ. ದ್ವಿಪದಿಗೆ ಹೇಳುವ ಶೇರ್‌ನ ನಡುವೆ ಐನ್ ಎಂಬ ಅಕ್ಷರವಿದೆ, ಸಿಂಹಕ್ಕೆ ಹೇಳುವ ಶೇರ್‌ನ ನಡುವೆ ಯೇ ಇದೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಇದು ಸಿಂಹದ ನದಿ. ಕೈಲಾಸದ ಆಸುಪಾಸಿನಲ್ಲಿ ಹುಟ್ಟುವ ಸಿಂಧೂವನ್ನು ಟಿಬೆಟಿನವರು ಸೆಂಗೆ ಖಬಬ್, ಸಿಂಹದ ಬಾಯಿಂದ ಬಂದದ್ದು, ಎಂದು ಕರೆಯುತ್ತಾರೆ. ಅದೇ ಪುಟದಲ್ಲಿ ನೀವು ಅರಸ ಶೇರ್ ಶಾಹ್‌ನನ್ನು ಎರಡು ಸಲ ಹೆಸರಿಸಿದ್ದೀರಿ. ಆ ಶೇರ್ ಕೂಡ ಇದೇ. ಕವಿತೆಯ ಆ ಪ್ಯಾರಾ ಪೂರ್ತಿ ತೆಗೆಯಬೇಕು.

ಅವರ ಬಾನುಲಿ ಕಾರ್ಯಕ್ರಮ "ಕುತುಬ್ ಖಾನಾ"ಕ್ಕೂ ಕುತುಬ್ ಮಿನಾರಿಗೂ ನೀವು ಹಾಕಿದ ಗಂಟು ಕೂಡ ಹಾಗೆಯೇ. ಮಿನಾರಿನ ಕುತುಬ್ ಶುರುವಾಗುವುದು ಗಂಟಲಾಳದಿಂದ ಬರುವ ಕಾಫ್ ಎಂಬ ಅಕ್ಷರದಿಂದ. ಖಾನಾದ ಜೊತೆಗಿರುವ ಕುತುಬ್ ಕಿತಾಬ್ ಪದದ ಬಹುವಚನ. ದವಾಖಾನೆ, ಕಾರಖಾನೆ ನಮಗೆ ಗೊತ್ತಿರುವಾಗ ಕುತುಬ್ ಖಾನಾ ಪುಸ್ತಕಗಳ ಮನೆ ಎಂದು ಓದುಗರಿಗೆ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಹಳೆಯ ಗ್ರಂಥಭಂಡಾರಗಳ ಬಗೆಗಿನ ಕಾರ್ಯಕ್ರಮಕ್ಕೆ ಇದಕ್ಕಿಂತ ನೇರವಾದ ಹೆಸರಿಲ್ಲ.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ಲೇಖನದಲ್ಲಿರುವ ಉರ್ದು ಹೆಸರುಗಳನ್ನೆಲ್ಲ ಪಟ್ಟಿ ಮಾಡಿ, ಹತ್ತಿರದ ಉರ್ದು ಶಾಲೆಯ ಮೇಷ್ಟ್ರ ಹತ್ತಿರ ಹೋಗಿ, ಉರ್ದು ಲಿಪಿಯಲ್ಲಿ ಬರೆಸಿಕೊಳ್ಳಿ. ಬರೀ ಕೇಳಿಸಿಕೊಂಡು ಬರಬೇಡಿ. ನಮ್ಮ ಕಡೆಯ ದಖನಿ ಮಾತಿನಲ್ಲಿ ಗಂಟಲಿನ ಕಾಫ್ ಬಹುಪಾಲು ಖ ಆಗುತ್ತದೆ. ಕೇಳಿದ್ದನ್ನೇ ಬರೆದರೆ ಇನ್ನೊಂದು ತಪ್ಪು ಹುಟ್ಟುತ್ತದೆ.

ಎರಡನೆಯದು ನಿಮ್ಮ ಮೂರನೇ ಪ್ಯಾರಾ. "ತಮ್ಮ ಮಧುರ ಕಂಠದಿಂದ ಅಸಂಖ್ಯಾತ ಕೇಳುಗರ ಮನ ಗೆದ್ದರು" ಎಂದು ಬರೆದು ಇಪ್ಪತ್ತನಾಲ್ಕು ವರ್ಷದ ಕೆಲಸವನ್ನು ಮುಗಿಸಿಬಿಟ್ಟಿದ್ದೀರಿ. ಕಂಠ ಎಷ್ಟೇ ಮಧುರವಾಗಿರಲಿ, ಶಾರ್ಟ್‌ವೇವಿನಲ್ಲಿ ಅದು ಹೇಗೆ ತಲುಪುತ್ತಿತ್ತು ಎಂದು ಯೋಚಿಸಿ. ಅಲೆ ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬಂದು ಸೇರುವಾಗ ಸದ್ದು ಒಮ್ಮೆ ಉಬ್ಬುತ್ತದೆ, ಒಮ್ಮೆ ಕೆಲವು ಸೆಕೆಂಡು ಮುಳುಗಿಹೋಗುತ್ತದೆ. ಉರ್ದುವಿನಲ್ಲೂ ಕನ್ನಡದ ಹಾಗೆ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾಗಿದ್ದು ಕೊನೆ ಮುಳುಗಿದರೆ, ಯಾರು ಏನು ಮಾಡಿದರು ಎನ್ನುವುದೇ ಹೋಯಿತು. ಅದಕ್ಕೇ ಶಾರ್ಟ್‌ವೇವಿಗೆ ಬರೆಯುವವರು ವಾಕ್ಯ ತುಂಡು ಮಾಡುತ್ತಾರೆ, "ಅವರು" ಎನ್ನುವ ಕಡೆ ಹೆಸರನ್ನೇ ಮತ್ತೆ ಹೇಳುತ್ತಾರೆ, ದೊಡ್ಡ ಅಂಕಿಯನ್ನು ದುಂಡಗೆ ಮಾಡುತ್ತಾರೆ. ಆ ಶಿಸ್ತು ಗದ್ಯವನ್ನೂ ತಿದ್ದುತ್ತದೆ.

ನೀವು ಬರೀ ಹೆಸರಿಸಿ ಬಿಟ್ಟ "ಜರ್ನೈಲಿ ಸಡಕ್" ಮೊದಲು ಬಾನುಲಿ ಸರಣಿ, ಆಮೇಲೆ ಪುಸ್ತಕ. ಪೇಶಾವರದಿಂದ ಕೋಲ್ಕತ್ತದವರೆಗೆ, 1540ರಿಂದ 1545ರವರೆಗೆ ಆಳಿದ ಶೇರ್ ಶಾಹ್‌ನ ಹೆಸರಿನೊಂದಿಗೆ ಬೆಸೆದುಕೊಂಡ ರಸ್ತೆಯಲ್ಲಿ, ಜನರನ್ನು ಮಾತಾಡಿಸುತ್ತಾ ಹೋದ ಪಯಣ ಅದು. ಆ ಕಾಲದ ಬಾನುಲಿ ಪಯಣ ಅಂದರೆ ಹೆಗಲ ಮೇಲೆ ರೆಕಾರ್ಡರು, ಕಾಲು ಇಂಚು ಅಗಲದ ಟೇಪಿನ ಸುರುಳಿ. 5 ಇಂಚಿನ ಸುರುಳಿಯಲ್ಲಿ 600 ಅಡಿ ಟೇಪು; ಸೆಕೆಂಡಿಗೆ 7.5 ಇಂಚು ಓಡಿದರೆ 16 ನಿಮಿಷಕ್ಕೆ ಖಾಲಿ. ಎದುರಿನವರು ಮನಸ್ಸು ಬಿಚ್ಚುವ ಹೊತ್ತಿಗೆ ಸುರುಳಿ ಮುಗಿಯಬಾರದು. ಆದ್ದರಿಂದ ಯಾವಾಗ ಗುಂಡಿ ಒತ್ತಬೇಕು, ಯಾವಾಗ ಸುಮ್ಮನೆ ಹರಟಬೇಕು ಎನ್ನುವುದೂ ಕಸುಬೇ.

ಆ ಟೇಪಿನ ಸಂಪಾದನೆ ಇನ್ನೂ ಸೂಕ್ಷ್ಮ. ಕತ್ತರಿಸುವ ಜಾಗವನ್ನು ಮೇಣದ ಪೆನ್ಸಿಲಿನಿಂದ ಗುರುತಿಸಿ, ಚಿಕ್ಕ ಅಚ್ಚಿನಲ್ಲಿ ಕೊರೆದ ತೋಡಿನೊಳಗೆ ಟೇಪು ಕೂರಿಸಿ, ಬ್ಲೇಡಿನಿಂದ 45 ಡಿಗ್ರಿ ಓರೆಯಾಗಿ ಕೊಯ್ದು, ಹಿಂಬದಿಗೆ ಅಂಟುಪಟ್ಟಿ ಹಚ್ಚಬೇಕಿತ್ತು. ಅರ್ಧ ಸೆಕೆಂಡಿನ ಉಸಿರು ಪೌಣೆ ನಾಲ್ಕು ಇಂಚು ಟೇಪು. ಅದನ್ನು ಪೂರ್ತಿ ಕೊಯ್ದರೆ ಮಾತನಾಡುವವರು ಯಂತ್ರದ ಹಾಗೆ ಕೇಳುತ್ತಾರೆ; ಒಂದಿಷ್ಟು ಹೆಚ್ಚು ಕೊಯ್ದರೆ ಮುಂದಿನ ಪದದ ಹಕಾರ ಹಾರಿಹೋಗುತ್ತದೆ. ಸಂತೆಯ ಗದ್ದಲದ ನಡುವೆ ಕತ್ತರಿಸಿದರೆ ಹಿನ್ನೆಲೆಯ ಸದ್ದು ಜಿಗಿಯುತ್ತದೆ. ಅದಕ್ಕೆಂದೇ ಪ್ರತಿ ಜಾಗದಲ್ಲೂ ಯಾರೂ ಮಾತಾಡದ ಒಂದು ನಿಮಿಷದ ಬರೀ ಸದ್ದನ್ನು ಹಿಡಿದಿಟ್ಟುಕೊಳ್ಳುತ್ತಾರೆ, ಆಮೇಲೆ ಸಂದು ಮುಚ್ಚಲು. "ಮಧುರ ಕಂಠ"ದ ಹಿಂದಿದ್ದದ್ದು ಈ ಕೆಲಸ. ಇದರಲ್ಲಿ ನಾಲ್ಕು ಸಾಲಾದರೂ ನಿಮ್ಮ ಲೇಖನಕ್ಕೆ ಬರಲಿ.

ನಾನು ಕೆಲಸ ಕಲಿಯುವಾಗ ಹಿರಿಯರೊಬ್ಬರು ನಮ್ಮ ಬರಹವನ್ನು ಕೈಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಓದಿಸುತ್ತಿದ್ದರು, ಅವರು "ಯಾರು?" ಎಂದು ಕೇಳಿದ ಕಡೆ ಪೆನ್ಸಿಲಿನ ಗೆರೆ ಎಳೆಯಬೇಕಿತ್ತು. ನಿಮ್ಮ ಮೂರನೇ ಪ್ಯಾರಾವನ್ನು ಹಾಗೆ ಗಟ್ಟಿಯಾಗಿ ಓದಿದೆ. ಮೂರು ಕಡೆ ಗೆರೆ ಬಿತ್ತು. ಮೂರೂ ಕಡೆ "ಇವರು" ಎಂದರೆ ಆಬಿದಿಯವರೋ, ಅವರ ಜೊತೆಗಿದ್ದವರೋ ತಿಳಿಯುವುದಿಲ್ಲ.

ಇನ್ನೊಂದು ಚಿಕ್ಕ ತಿದ್ದುಪಡಿ: "ವಿಭಜನೆಯ ರಾತ್ರಿ ಗಡಿ ದಾಟಿದರು" ಎಂದಿದ್ದೀರಿ. 1947ಕ್ಕೂ 1950ಕ್ಕೂ ನಡುವೆ ಮೂರು ವರ್ಷವಿದೆ. ಆ ಸಾಲು ಹೊಡೆದುಹಾಕಿ.

ತಿದ್ದಿ ಬರೆಯುವ ಮೊದಲು ಅವರ ಧ್ವನಿಮುದ್ರಣ ಯಾವುದಾದರೂ ಸಿಕ್ಕರೆ ಒಂದು ನಿಮಿಷ ಕೇಳಿ, ಆಡಿದ್ದನ್ನು ಇದ್ದ ಹಾಗೆ ಬರೆದುಕೊಳ್ಳಿ. ನಿಲ್ಲಿಸಿದ ಕಡೆ ಅಡ್ಡಗೆರೆ ಹಾಕಿ, ಎರಡು ಗೆರೆಗಳ ನಡುವೆ ಎಷ್ಟು ಪದಗಳಿವೆ ಎಂದು ಎಣಿಸಿ. ಆ ಹಾಳೆಯನ್ನು ಲೇಖನದ ಜೊತೆ ನನಗೆ ಕಳಿಸಿಕೊಡಿ.