ಬ್ಯಾಂಡಿನ ಮುಂದೆ ಒಂದು ಕುರ್ಚಿ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಬಿಗ್ ಬ್ಯಾಂಡ್ ಕಾಲದ, ಅಂದರೆ ಹತ್ತು ಹದಿನೈದು ವಾದಕರ ಜಾಜ್ ತಂಡಗಳ ಕಾಲದ ಬಗ್ಗೆ ಬರೆದಿದ್ದೆ. ಲೀಡರುಗಳನ್ನೇ ಹೊಗಳಿದ್ದು ಜಾಸ್ತಿಯಾಯಿತು ಅಂತ ಕಾಣುತ್ತದೆ. ಬಂದ ಪತ್ರಗಳೆಲ್ಲ ಅವರ ಜೊತೆ ಊರೂರು ಸುತ್ತಿದ ಹಾಡುಗಾರರ ಬಗ್ಗೆ ಕೇಳಿವೆ. ಸರಿ, ಈ ಸಲ ಅವರದೇ ಪುಟ.

ಪ್ರಶ್ನೆ: 1930ರ ದಶಕದ ರೆಕಾರ್ಡು ಹಾಕಿದರೆ ಒಂದು ನಿಮಿಷ ಆದರೂ ಹಾಡು ಬರುವುದಿಲ್ಲ. ಆಮೇಲೆ ಗಾಯಕಿ ಬಂದು ಒಂದು ಸುತ್ತು ಹಾಡಿ ಮಾಯವಾಗುತ್ತಾಳೆ. ಇಷ್ಟಕ್ಕೆ ಅವಳನ್ನು ಯಾಕೆ ಇಟ್ಟುಕೊಳ್ಳುತ್ತಿದ್ದರು?

ಅದು ಕುಣಿಯುವವರಿಗಾಗಿ ಮಾಡಿದ ಸಂಗೀತ. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಸಾಮಾನ್ಯವಾಗಿ ಮೊದಲ ಸುತ್ತು ಬ್ಯಾಂಡಿಗೆ, ನಂತರದ 32 ಬಾರ್, ಅಂದರೆ ಹಾಡಿನ ಒಂದು ಪೂರ್ತಿ ಸುತ್ತು, ಗಾಯಕಿಗೆ, ಕೊನೆಗೆ ಮತ್ತೆ ಬ್ಯಾಂಡು. ಲೇಬಲ್ಲಿನಲ್ಲಿ ಲೀಡರ್ ಹೆಸರು ದೊಡ್ಡದಾಗಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಗಾಯಕಿಯದು.

ವೇದಿಕೆಯಲ್ಲೂ ಇದೇ ಲೆಕ್ಕ. ಬ್ಯಾಂಡಿನ ಮುಂದೆ, ಸ್ವಲ್ಪ ಬದಿಗೆ, ಅವಳಿಗೊಂದು ಕುರ್ಚಿ. ಉದ್ದನೆಯ ಗೌನು ಹಾಕಿಕೊಂಡು, ಮುಖದಲ್ಲಿ ನಗು ಇಟ್ಟುಕೊಂಡು ಕೂತಿರಬೇಕು. ಸರದಿ ಬಂದಾಗ ಎದ್ದು ಮೈಕಿಗೆ ಹೋಗಬೇಕು, ಹಾಡಿ ಬಂದು ಕೂರಬೇಕು. ಪತ್ರಿಕೆಯವರು ಇವರನ್ನು 'ಕ್ಯಾನರಿ' ಅಂತ ಕರೆಯುತ್ತಿದ್ದರು. ಪಂಜರದ ಹಕ್ಕಿಯ ಹೆಸರು. ಹೊಗಳಿಕೆ ಅಂದುಕೊಂಡೇ ಕರೆದದ್ದಿರಬೇಕು ಬಿಡಿ. 1941ರಲ್ಲಿ ಡ್ರಮ್ಮರ್ ಜೀನ್ ಕ್ರೂಪಾ ಅವರ ಬ್ಯಾಂಡಿಗೆ ಸೇರಿದ ಅನಿತಾ ಓಡೇ ಗೌನು ಬೇಡ ಅಂದರು. ಉಳಿದ ವಾದಕರ ಹಾಗೆ ಬ್ಯಾಂಡ್ ಜಾಕೆಟ್ ಹಾಕಿಕೊಂಡು ಹಾಡಿದರು. ತಾನೂ ಒಬ್ಬ ವಾದಕಿ ಅನ್ನುವುದು ಅವರ ವಾದ. ನನಗೆ ತುಂಬ ಇಷ್ಟವಾದ ಜಗಳ ಇದು.

ಆದರೂ ಆ 32 ಬಾರ್ ಕೊಟ್ಟ ಪಾಠ ಸಣ್ಣದಲ್ಲ. ಗಂಟಲು ಹದ ಮಾಡಿಕೊಳ್ಳಲು ಸಮಯವಿಲ್ಲ. ಹಿಂದೆ ಹತ್ತು ಹದಿನೈದು ಜನ ನುಡಿಸುತ್ತಿದ್ದಾರೆ, ನೆಲದ ಮೇಲೆ ನೂರಾರು ಜನ ಕುಣಿಯುತ್ತಿದ್ದಾರೆ. ಅಷ್ಟರಲ್ಲೇ ಸಾಹಿತ್ಯ ಸ್ಪಷ್ಟವಾಗಿ ಕೇಳಿಸಬೇಕು, ತಾಳಕ್ಕೂ ಕೂರಬೇಕು. ಈ ಶಾಲೆಯಲ್ಲಿ ಕಲಿತವರು ಮುಂದೆ ಒಂದು ಪದವನ್ನೂ ದಂಡ ಮಾಡಲಿಲ್ಲ.

ಪ್ರಶ್ನೆ: ಎಲಾ ಫಿಟ್ಜೆರಾಲ್ಡ್ ಬ್ಯಾಂಡಿಗೆ ಸೇರಿದ್ದು ಹೇಗೆ? ಆ ಬ್ಯಾಂಡೇ ಕೊನೆಗೆ ಅವರ ಹೆಸರಿಗೆ ಬಂತಂತೆ, ನಿಜವೇ?

ನಿಜ. 1934ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮಿನ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಗೆ ಹದಿನೇಳರ ಒಬ್ಬ ಹುಡುಗಿ ಬಂದಳು. ತಾಯಿ ತೀರಿಕೊಂಡಿದ್ದರು. ಸುಧಾರಣಾ ಶಾಲೆಯಿಂದ ಓಡಿ ಬಂದು ಬೀದಿಯಲ್ಲಿ ಬದುಕುತ್ತಿದ್ದಳು. ಕುಣಿಯಬೇಕು ಅಂತ ಬಂದವಳು ತನಗಿಂತ ಮುಂಚೆ ಕುಣಿದ ಅಕ್ಕತಂಗಿಯರನ್ನು ನೋಡಿ ಹೆದರಿದಳು. ಸರಿ, ಹಾಡಿಬಿಟ್ಟಳು. ಗೆದ್ದಳು.

ಮರುವರ್ಷ ಅವಳನ್ನು ಬ್ಯಾಂಡ್ ಲೀಡರ್ ಚಿಕ್ ವೆಬ್ ಹತ್ತಿರ ಕರೆದುಕೊಂಡು ಹೋದರು. ವೆಬ್ ಹಾರ್ಲೆಮಿನ ಕುಣಿತದ ಸಭಾಂಗಣ ಸವಾಯ್ ಬಾಲ್‌ರೂಮಿನ ರಾಜ. ಬೆನ್ನುಮೂಳೆಯ ಕ್ಷಯದಿಂದ ಗೂನಾಗಿದ್ದ, ತುಂಬ ಕುಳ್ಳಗಿನ ಮನುಷ್ಯ. ಎತ್ತರದ ಕಟ್ಟೆಯ ಮೇಲೆ ಡ್ರಮ್ ಇಟ್ಟುಕೊಂಡು ನುಡಿಸುತ್ತಿದ್ದರು. ಈ ಹುಡುಗಿಯ ಬಟ್ಟೆ, ಅವತಾರ ನೋಡಿ ಅವರಿಗೆ ಮನಸ್ಸಾಗಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಒಂದು ನೃತ್ಯಕೂಟದಲ್ಲಿ ಹಾಡಲಿ, ಅಲ್ಲಿನವರಿಗೆ ಹಿಡಿಸಿದರೆ ನೋಡೋಣ ಅಂದರು. ಹಿಡಿಸಿತು. ಕೆಲಸ ಸಿಕ್ಕಿತು.

ಮುಂದಿನದ್ದು ನಿಧಾನವಾಗಿ ಆದ ಬದಲಾವಣೆ. ಬ್ಯಾಂಡಿನ ಕಾರ್ಯಕ್ರಮದಲ್ಲಿ ಹುಡುಗಿಯ ಪಾಲು ಹೆಚ್ಚುತ್ತಾ ಹೋಯಿತು. 1938ರ ಜನವರಿ 16ರ ರಾತ್ರಿ ಸವಾಯ್‌ನಲ್ಲಿ ವೆಬ್ ಮತ್ತು ಕೌಂಟ್ ಬೇಸಿ ಬ್ಯಾಂಡುಗಳು ಎದುರುಬದುರಾದವು. ಇವರ ಕಡೆ ಎಲಾ, ಅವರ ಕಡೆ ಬಿಲ್ಲಿ ಹಾಲಿಡೇ. ಗೆದ್ದವರು ಯಾರು ಅಂತ ಆಗಿನ ಪತ್ರಿಕೆಗಳಲ್ಲೇ ಒಮ್ಮತವಿರಲಿಲ್ಲ. ಗಾಯಕಿಯರಿಬ್ಬರನ್ನೂ ಒಂದೇ ರಾತ್ರಿ ಕೇಳಿದವರ ಭಾಗ್ಯ ನೆನೆದರೆ ನನಗೆ ಹೊಟ್ಟೆಕಿಚ್ಚು, ಅಷ್ಟೇ. ಅದೇ ವರ್ಷದ ಮೇ ತಿಂಗಳಲ್ಲಿ ಎಲಾ ಒಂದು ಮಕ್ಕಳ ಪದ್ಯವನ್ನು ಹಾಡು ಮಾಡಿದರು. ಹಳದಿ ಬುಟ್ಟಿ ಕಳೆದುಹೋಯಿತು ಅನ್ನುವ ಹಾಡು, 'ಎ ಟಿಸ್ಕೆಟ್, ಎ ಟಾಸ್ಕೆಟ್'. ಬ್ಯಾಂಡಿನ ಆಲ್ ಫೆಲ್ಡ್‌ಮನ್ ಜೊತೆ ಸೇರಿ ಬರೆದದ್ದು. ದೇಶವೆಲ್ಲ ಅದನ್ನೇ ಗುನುಗಿತು.

1939ರ ಜೂನ್ 16ರಂದು ವೆಬ್ ಬಾಲ್ಟಿಮೋರಿನಲ್ಲಿ ತೀರಿಕೊಂಡರು. ಬ್ಯಾಂಡಿಗೆ ಎಲಾ ಹೆಸರಿಟ್ಟರು. ಎಲಾಗೆ ಆಗ ಇಪ್ಪತ್ತೆರಡು. 1942ರವರೆಗೆ ಬ್ಯಾಂಡು ಅವರ ಹೆಸರಿನಲ್ಲೇ ನಡೆಯಿತು. ಸಂಗೀತದ ಮೇಲ್ವಿಚಾರಣೆಗೆ ಬೇರೆಯವರಿದ್ದರು, ನಿಜ. ಆದರೆ ಟಿಕೆಟ್ ಮಾರಾಟವಾಗುತ್ತಿದ್ದದ್ದು ಕುರ್ಚಿಯಲ್ಲಿ ಕೂತಿದ್ದವಳ ಹೆಸರಿನಿಂದ ಅಂತ ಎಲ್ಲರಿಗೂ ಗೊತ್ತಾಗಿತ್ತಲ್ವಾ?

ಪ್ರಶ್ನೆ: ಬಿಲ್ಲಿ ಹಾಲಿಡೇ ಕೌಂಟ್ ಬೇಸಿ ಜೊತೆ ಸುತ್ತಿದ್ದರು ಅನ್ನುತ್ತೀರಿ. ಆ ಜೋಡಿಯ ಒಂದು ಸ್ಟುಡಿಯೊ ರೆಕಾರ್ಡೂ ಸಿಗುತ್ತಿಲ್ಲ. ಎಲ್ಲಿ ಹುಡುಕಲಿ?

ಸುಮ್ನೆ ಹುಡುಕಬೇಡಿ, ಇಲ್ಲ. ಬೇಸಿ ಡೆಕ್ಕಾ ಕಂಪನಿಗೆ ಸಹಿ ಹಾಕಿದ್ದರು. ಬಿಲ್ಲಿ ಬೇರೆ ಕಂಪನಿಗೆ. 1937ರ ವಸಂತದಿಂದ ಮರುವರ್ಷದ ಆರಂಭದವರೆಗೆ ಒಂದೇ ಬಸ್ಸಿನಲ್ಲಿ ಓಡಾಡಿದ ಇಬ್ಬರು ಸ್ಟುಡಿಯೊದಲ್ಲಿ ಒಟ್ಟಿಗೆ ನಿಲ್ಲುವಂತಿರಲಿಲ್ಲ. ಉಳಿದಿರುವುದು ರೇಡಿಯೊ ಪ್ರಸಾರದಿಂದ ಹಿಡಿದ ಮೂರು ಹಾಡು. ಸದ್ದು ಒರಟಾಗಿದೆ, ಆದರೂ ಕೇಳಿ. ಬ್ಯಾಂಡು ಓಡುತ್ತಿದ್ದರೆ ಬಿಲ್ಲಿ ತಾಳದ ಹಿಂದೆ ಹಿಂದೆ, ಆರಾಮಾಗಿ ಬರುತ್ತಾರೆ. ಬೇಸಿ ಬ್ಯಾಂಡಿನ ಲೆಸ್ಟರ್ ಯಂಗ್, ಬಕ್ ಕ್ಲೇಟನ್ ಮುಂತಾದವರು ಬಿಲ್ಲಿಯ ಸಣ್ಣ ತಂಡದ ರೆಕಾರ್ಡುಗಳಲ್ಲಿ ನುಡಿಸಿದ್ದಾರೆ. ಅವನ್ನು ಕೊಳ್ಳಿ. ಬೇಸಿ ಒಬ್ಬರಿಲ್ಲ, ಅಷ್ಟೇ.

ಪ್ರವಾಸ ಅಂದರೆ ಒಂದು ಊರಲ್ಲಿ ಒಂದು ರಾತ್ರಿ. ಹಾಡು, ಬಸ್ಸು, ಮತ್ತೆ ಹಾಡು. ದಿನಕ್ಕೆ 14 ಡಾಲರ್ ಸಿಗುತ್ತಿತ್ತು ಅಂತ ಬಿಲ್ಲಿಯೇ ಮುಂದೆ ಹೇಳಿಕೊಂಡರು. ಕಪ್ಪು ಜನರಿಗೆ ಬಹಳಷ್ಟು ಹೋಟೆಲುಗಳಲ್ಲಿ ಕೋಣೆ ಕೊಡುತ್ತಿರಲಿಲ್ಲ. ಊರಿನ ಕಪ್ಪು ಕುಟುಂಬಗಳ ಮನೆಯಲ್ಲಿ ಬಾಡಿಗೆಗೆ ಮಲಗಬೇಕಿತ್ತು. ಇನ್ನೊಬ್ಬ ಕಪ್ಪು ಬ್ಯಾಂಡ್ ಲೀಡರ್ ಡ್ಯೂಕ್ ಎಲಿಂಗ್ಟನ್ ದಕ್ಷಿಣದ ಪ್ರವಾಸಕ್ಕೆ ರೈಲಿನ ಪುಲ್‌ಮನ್ ಬೋಗಿಗಳನ್ನೇ ಬಾಡಿಗೆಗೆ ಪಡೆದು ಅದರಲ್ಲೇ ಮಲಗುವ ದಾರಿ ಕಂಡುಕೊಂಡರು. ಎಲ್ಲರ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಡೆಟ್ರಾಯಿಟಿನಲ್ಲಿ ಇನ್ನೊಂದು ತಮಾಷೆ, ಇದನ್ನೂ ಬಿಲ್ಲಿಯೇ ಹೇಳಿದ್ದು. ಅವರ ಬಣ್ಣ ತಿಳಿ, ಕಪ್ಪು ವಾದಕರ ನಡುವೆ ಬಿಳಿ ಹೆಂಗಸು ನಿಂತ ಹಾಗೆ ಕಾಣುತ್ತದೆ ಅಂತ ಥಿಯೇಟರಿನವರು ಮುಖಕ್ಕೆ ಕಪ್ಪು ಬಳಿಸಿದರಂತೆ.

1938ರಲ್ಲಿ ಅವರು ಆರ್ಟಿ ಶಾ ಅವರ ಬಿಳಿಯರ ಬ್ಯಾಂಡಿಗೆ ಹೋದರು. ಆಗಿನ ಅಮೆರಿಕದಲ್ಲಿ ಅದು ದೊಡ್ಡ ಧೈರ್ಯ, ಶಾಗೂ ಬಿಲ್ಲಿಗೂ. ಆದರೆ ಬಣ್ಣದ ಲೆಕ್ಕ ತಪ್ಪಲಿಲ್ಲ. ನ್ಯೂಯಾರ್ಕಿನ ಲಿಂಕನ್ ಹೋಟೆಲಿನಲ್ಲಿ ಬ್ಯಾಂಡಿನವರೆಲ್ಲ ಮುಂಬಾಗಿಲಿನಿಂದ ಹೋದರೆ ಬಿಲ್ಲಿಗೆ ಸಾಮಾನು ಸಾಗಿಸುವ ಲಿಫ್ಟು ತೋರಿಸಿದರು. ಆ ವರ್ಷ ಮುಗಿಯುವಷ್ಟರಲ್ಲಿ ಬ್ಯಾಂಡು ಬಿಟ್ಟರು. ಶಾ ಜೊತೆಗೂ ಕಂಪನಿ ಕರಾರಿನ ಕಾಟವೇ. ಒಟ್ಟಿಗೆ ಮಾಡಿದ್ದು ಒಂದೇ ಸ್ಟುಡಿಯೊ ಹಾಡು, 'ಎನಿ ಓಲ್ಡ್ ಟೈಮ್'.

ಪ್ರಶ್ನೆ: ಗಂಡಸರಿಗೆ ಈ ಕಷ್ಟ ಇರಲಿಲ್ಲವೇ?

ಬಣ್ಣ ಬಿಳಿಯಾಗಿದ್ದರೆ ಹೋಟೆಲಿನ ಕಷ್ಟ ಇರಲಿಲ್ಲ. ಕರಾರಿನ ಕಷ್ಟ ಇತ್ತು. ಫ್ರಾಂಕ್ ಸಿನಾತ್ರಾ 1940ರಲ್ಲಿ ಟಾಮಿ ಡಾರ್ಸಿ ಬ್ಯಾಂಡಿಗೆ ಸೇರಿದರು. ಡಾರ್ಸಿ ಟ್ರಾಂಬೋನ್ ನುಡಿಸುವಾಗ ಉಸಿರು ಎಲ್ಲಿ ಎಳೆಯುತ್ತಾರೆ ಅಂತ ಹಿಂದೆ ಕೂತು ನೋಡಿ ನೋಡಿ ತಮ್ಮ ಉದ್ದನೆಯ ಸಾಲುಗಳನ್ನು ಕಲಿತರು. 1942ರಲ್ಲಿ ಬಿಟ್ಟು ಹೊರಟಾಗ ಗುರುದಕ್ಷಿಣೆ ಭಾರೀ ಇತ್ತು: ಮುಂದಿನ ಸಂಪಾದನೆಯ ಮೂರನೇ ಒಂದು ಪಾಲು ಡಾರ್ಸಿಗೆ, ಅದರ ಮೇಲೆ ಶೇಕಡಾ 10 ಡಾರ್ಸಿಯ ಮ್ಯಾನೇಜರಿಗೆ. ವಕೀಲರು, ಏಜೆಂಟರು ಸೇರಿ ದುಡ್ಡು ಕೊಟ್ಟು ಬಿಡಿಸಬೇಕಾಯಿತು.

ಪ್ರಶ್ನೆ: ಆಮೇಲೆ ಬ್ಯಾಂಡುಗಳು ಮುಳುಗಿ ಹಾಡುಗಾರರು ಮೇಲೆ ಬಂದದ್ದು ಯಾಕೆ?

ರುಚಿ ಬದಲಾಯಿತು ಅನ್ನುವವರಿದ್ದಾರೆ. ನಾನು ಮೊದಲು ಕೈ ತೋರಿಸುವುದು ಒಂದು ಮುಷ್ಕರದ ಕಡೆಗೆ. 1942ರ ಆಗಸ್ಟ್ 1ರಿಂದ ವಾದಕರ ಸಂಘ ರೆಕಾರ್ಡಿಂಗ್ ನಿಲ್ಲಿಸಿತು. ದೊಡ್ಡ ಕಂಪನಿಗಳಲ್ಲಿ ಎರಡು 1944ರ ನವೆಂಬರಿನವರೆಗೂ ಮಣಿಯಲಿಲ್ಲ. ಆದರೆ ಹಾಡುಗಾರರು ಆ ಸಂಘದಲ್ಲಿ ಇರಲಿಲ್ಲ! ಅವರನ್ನು ವಾದಕರು ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲವಲ್ಲ. ಹಾಗಾಗಿ ಕಂಪನಿಗಳು ಹಿಂದೆ ಬರೀ ಕೋರಸ್ ದನಿಗಳನ್ನು ಇಟ್ಟು ಹಾಡಿಸಿದವು. ಲೇಬಲ್ಲಿನಲ್ಲಿ ಹಾಡುಗಾರರ ಹೆಸರು ದೊಡ್ಡದಾಯಿತು. ಜೊತೆಗೆ ಯುದ್ಧ ಬೇರೆ. ಪೆಟ್ರೋಲು, ಟೈರು ರೇಷನ್ನಿಗೆ ಬಂದವು, ಬಸ್ಸು ಓಡಿಸುವುದೇ ಕಷ್ಟವಾಯಿತು. ಕುಣಿತದ ಜಾಗಗಳ ಮೇಲೆ ಭಾರೀ ತೆರಿಗೆ ಬಿತ್ತು. 1946ರ ಕೊನೆಗೆ ಡಾರ್ಸಿ, ಹ್ಯಾರಿ ಜೇಮ್ಸ್, ವುಡಿ ಹರ್ಮನ್ ಅಂಥವರೇ ಬ್ಯಾಂಡು ಮುಚ್ಚಿದರು.

ಪ್ರಶ್ನೆ: ಯಾರೂ ಹೆಚ್ಚು ಹೇಳದ ಒಂದು ಹೆಸರು ಕೊಡಿ.

ಐವಿ ಆಂಡರ್ಸನ್. 1931ರಿಂದ 1942ರವರೆಗೆ ಎಲಿಂಗ್ಟನ್ ಜೊತೆ. ಸ್ವಿಂಗ್ (ಮೈ ತೂಗಿಸುವ ಆ ಲಯ) ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಆ 1932ರ ರೆಕಾರ್ಡು, 'ಇಟ್ ಡೋಂಟ್ ಮೀನ್ ಎ ಥಿಂಗ್', ಹುಡುಕಿ. ಅದರಲ್ಲಿ ಮೊದಲು ಕೇಳುವುದೇ ಇವರ ದನಿ, ಅದೂ ಪದವಿಲ್ಲದ ಸ್ಕ್ಯಾಟ್. ಬ್ಯಾಂಡು ಬರುವುದು ಆಮೇಲೆ. ಆಸ್ತಮಾದಿಂದ ಪ್ರವಾಸ ಬಿಡಬೇಕಾಯಿತು. ಲಾಸ್ ಏಂಜಲೀಸಿನಲ್ಲಿ ಕೋಳಿ ಊಟದ ಹೋಟೆಲು ನಡೆಸಿದರು, 1949ರಲ್ಲಿ ತೀರಿಕೊಂಡರು. ಹುಡುಕುವಾಗ ಅವರ ಹೆಸರಿನಲ್ಲಿ ನೋಡಬೇಡಿ, ಎಲಿಂಗ್ಟನ್ ಹೆಸರಿನಲ್ಲಿ ನೋಡಿ.