ಸಂಶೋಧನೆ ಪ್ರಶ್ನೋತ್ತರ: ಕೋಟೆ ಬಿದ್ದ ಮೇಲೆ ಊರಲ್ಲಿ ಉಳಿದದ್ದು

ಪ್ರಶ್ನೆ: 1779ರಲ್ಲಿ ಹೈದರಾಲಿ ಚಿತ್ರದುರ್ಗದ ಕೋಟೆಯನ್ನು ಗೆದ್ದದ್ದರ ಪರಿಣಾಮ ಸುತ್ತಲ ಹಳ್ಳಿಗಳಲ್ಲಿ ಇಂದಿಗೂ ಇದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ‘ಇದನ್ನು ತೋರಿಸುವುದು ಹೇಗೆ?’ ಎಂದು ಸಮಿತಿ ಕೇಳಿದೆ.
– ಓದುಗರು, ಚಿತ್ರದುರ್ಗ

ಸಮಿತಿಯ ಪ್ರಶ್ನೆ ಸರಿಯಾಗಿಯೇ ಇದೆ. ಅಂದು ಯುದ್ಧ, ಇಂದು ಬಡತನ ಎಂದು ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನೂ ಸಾಬೀತಾಗದು. ನಡುವಿನ ಸುಮಾರು ಇನ್ನೂರೈವತ್ತು ವರ್ಷಗಳಲ್ಲಿ ಆ ಹೊಡೆತ ಯಾವ ದಾರಿಯಲ್ಲಿ ಇಳಿದುಬಂತು? ಜಮೀನಿನ ಹಕ್ಕಿನಲ್ಲೋ, ಗುಳೆಯಲ್ಲೋ, ಮನೆಯಲ್ಲಿ ಮಕ್ಕಳಿಗೆ ಹೇಳುವ ಮಾತಿನಲ್ಲೋ? ಅದನ್ನು ಹಂತ ಹಂತವಾಗಿ ಹಿಡಿಯಬೇಕು.

ಮೊದಲು ತೀರ್ಮಾನಿಸಬೇಕಾದದ್ದು, ನೀವು ಬೆನ್ನು ಹತ್ತುವುದು ಊರನ್ನೋ, ಜನರನ್ನೋ ಎಂಬುದು. ಕೋಟೆ ಬಿದ್ದ ಮೇಲೆ 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ಚೇಲಾ ಪಡೆಗೆ (ಸೆರೆಸಿಕ್ಕ ಹುಡುಗರಿಂದ ಕಟ್ಟಿದ ಪಡೆ) ಸೇರಿಸಿದರೆಂದು ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ (ಸೀಮೆಯ ವಿವರ ಕೊಡುವ ಸರ್ಕಾರಿ ಗ್ರಂಥ) ಹೇಳುತ್ತದೆ. ಅಂದರೆ ಪೆಟ್ಟು ತಿಂದವರಲ್ಲಿ ಬಹಳ ಮಂದಿ ಊರಲ್ಲಿ ಉಳಿಯಲೇ ಇಲ್ಲ. ಈಗ ಕೋಟೆಯ ಸುತ್ತ ಸಮೀಕ್ಷೆಗೆ ಸಿಗುವವರು ಉಳಿದವರ, ಮರಳಿದವರ, ಆಮೇಲೆ ಬಂದು ನೆಲೆಸಿದವರ ಸಂತತಿ. ಈ ಮೂವರನ್ನು ಒಂದೇ ಗುಂಪು ಮಾಡಿದರೆ ಉತ್ತರ ತಪ್ಪುತ್ತದೆ. 1944ರಲ್ಲಿ ಸೋವಿಯತ್ ಸರ್ಕಾರ ಗಡೀಪಾರು ಮಾಡಿದ ಕ್ರಿಮಿಯಾದ ತಾತಾರರ ಬಗ್ಗೆ ಅಧ್ಯಯನ ಮಾಡಿದವರು ಅದಕ್ಕೇ ಒಂದೇ ಮನೆತನದ ಮೂರು ತಲೆಮಾರನ್ನು ಮಾತಾಡಿಸಿದರು.

ಇನ್ನು ಆ 20,000ದ ಲೆಕ್ಕ. ರೈಸರ ಗೆಜೆಟಿಯರ್ ಬಂದದ್ದು ಘಟನೆಯಾದ ಸುಮಾರು ನೂರು ವರ್ಷದ ಮೇಲೆ. ಹೈದರನ ಕಾಲದ ಕಥೆಗೆ ಅವರು ಬಹುಮಟ್ಟಿಗೆ ನೆಚ್ಚಿಕೊಂಡದ್ದು 1810–17ರಲ್ಲಿ ಅಚ್ಚಾದ ವಿಲ್ಕ್ಸನ ಇತಿಹಾಸವನ್ನು. ವಿಲ್ಕ್ಸ್ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ಇಬ್ಬರನ್ನೂ ಉಲ್ಲೇಖಿಸಿ ‘ಎರಡು ಆಧಾರಗಳಿವೆ’ ಎಂದು ಬರೆಯಬೇಡಿ, ಅದು ಒಂದೇ ಬಾಯಿಯ ಮಾತು. ಎಣಿಕೆಗಳಿಗೆ ಕನಿಷ್ಠ, ಸಂಭವನೀಯ, ಗರಿಷ್ಠ ಎಂದು ಮೂರು ಅಂಕಣ ಇಡಿ. ಉಪ್ಸಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶದಲ್ಲಿ ಸಾವಿನ ಲೆಕ್ಕ ಇಡುವ ಕ್ರಮವೂ ಹೀಗೆಯೇ.

ಎಲ್ಲರೂ ಮರೆಯುವ ಸಂಗತಿ ಒಂದಿದೆ. 1876–78ರ ಬರಗಾಲದಲ್ಲಿ ಮೈಸೂರು ಸೀಮೆಯೇ ಬರಿದಾಯಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಇಂದು ಕಾಣುವ ಕೊರತೆ ಯುದ್ಧದ್ದೋ ಬರದ್ದೋ ಎಂದು ಬೇರ್ಪಡಿಸದಿದ್ದರೆ ಪ್ರಬಂಧ ಮೌಖಿಕ ಪರೀಕ್ಷೆಯಲ್ಲೇ ಬೀಳುತ್ತದೆ. ಯುದ್ಧಕ್ಕೆ ಮುಂಚಿನ ಸ್ಥಿತಿಯೂ ಗೊತ್ತಿರಬೇಕು, ಆಯಕಟ್ಟಿನ ಜಾಗವೇ ಮುತ್ತಿಗೆಗೆ ಗುರಿಯಾಗುವುದು, ಹಾಗಾಗಿ ಅದು ಯುದ್ಧಕ್ಕೆ ಮುಂಚೆಯೇ ಉಳಿದ ಊರುಗಳಿಗಿಂತ ಬೇರೆಯಾಗಿದ್ದಿರಬಹುದು. ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಹಳೆಯ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅದರಲ್ಲಿನ ಕೆರೆ, ದತ್ತಿ ಶಾಸನಗಳನ್ನು ಊರುವಾರು ಪಟ್ಟಿ ಮಾಡಿ ಅಲ್ಲಿಂದ ಶುರುಮಾಡಿ.

ಪ್ರಶ್ನೆ: 1830–31ರ ನಗರ (ಬಿದನೂರು) ಸೀಮೆಯ ರೈತ ದಂಗೆ ನಡೆದ ತಾಲ್ಲೂಕುಗಳನ್ನು ಉಳಿದವುಗಳೊಂದಿಗೆ ಹೋಲಿಸುತ್ತಿದ್ದೇನೆ. ಅಂಕಿಅಂಶಗಳು ಒಂದಕ್ಕೊಂದು ಕೂಡುತ್ತಿಲ್ಲ.
– ಓದುಗರು, ಹೊನ್ನಾಳಿ

ತಾಲ್ಲೂಕು, ಜಿಲ್ಲೆಗಳನ್ನು ಘಟಕವಾಗಿ ಇಟ್ಟುಕೊಂಡರೆ ಅವು ಎಂದಿಗೂ ಕೂಡುವುದಿಲ್ಲ. ನಿಮ್ಮ ಹೊನ್ನಾಳಿಯನ್ನೇ ನೋಡಿ: 1991ರ ಗಣತಿಯಲ್ಲಿ ಅದು ಶಿವಮೊಗ್ಗದ ಪುಸ್ತಕದಲ್ಲಿದೆ, 2001ರಲ್ಲಿ ದಾವಣಗೆರೆಯದರಲ್ಲಿ. ಹರಪನಹಳ್ಳಿಯ ಪಾಡು ಇನ್ನೂ ಗೋಜಲು. ದಂಗೆಯ ಹೊತ್ತಿಗೆ ಅದು ಕಂಪನಿಯ ಮದ್ರಾಸ್ ಆಡಳಿತದಲ್ಲಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ. 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ. ಹಾಗಾಗಿ ಹಳ್ಳಿಯನ್ನೇ ಘಟಕ ಮಾಡಿ, ಪ್ರತಿಯೊಂದಕ್ಕೂ ಅಕ್ಷಾಂಶ ರೇಖಾಂಶ ಕೊಡಿ. 2001 ಮತ್ತು 2011ರ ಗಣತಿಯಲ್ಲಿ ಹಳ್ಳಿಗಳ ಸಂಕೇತ ಸಂಖ್ಯೆಯೇ ಬೇರೆ. ಬರೀ ಹೆಸರಿನಿಂದ ಜೋಡಿಸಿದರೆ ಎರಡು ಬಸವಾಪುರಗಳು ಒಂದಾಗಿಬಿಡುತ್ತವೆ.

ಹೊಂದದಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಆಗ ರೈತರು ಸೇರಿದ್ದು ‘ಕೂಟ’. ಕಂದಾಯದ ವಿರುದ್ಧ ದೂರು ಹೇಳಲು ನೆರೆದ ಜನವದು, ರಕ್ತ ಹರಿಯದ ಕೂಟಗಳೂ ಇದ್ದವು. ಅಧಿಕಾರಿಯ ಕಾಗದ ಎಲ್ಲವನ್ನೂ ‘ದಂಗೆ’ ಎಂದದ್ದನ್ನು ಹಾಗೇ ಎತ್ತಿಕೊಂಡರೆ ಶಾಂತವಾಗಿದ್ದ ಹಳ್ಳಿಯೂ ಹಿಂಸೆಯ ಪಟ್ಟಿ ಸೇರುತ್ತದೆ. ಕೂಟ, ಮಾರ್ಗ ತಡೆ, ಕೋಟೆ ವಶ, ಸೇನೆಯ ಕಾರ್ಯಾಚರಣೆ, ಗಲ್ಲು ಎಂದು ಬೇರೆ ಬೇರೆ ಗುರುತು ಹಾಕಿ. ದಂಗೆಯ ಕಾರಣ ಹುಡುಕಿದ 1833ರ ವಿಚಾರಣಾ ಸಮಿತಿಯ ವರದಿಯನ್ನು ಓದುವಾಗಲೂ ನೆನಪಿರಲಿ: 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಅವರದೇ ಅಧಿಕಾರಿಗಳು ಬರೆದದ್ದು ಅದು.

ಪ್ರಶ್ನೆ: ಗಲಭೆಯಲ್ಲಿ ಮನೆಯವರನ್ನು ಕಳೆದುಕೊಂಡವರನ್ನು ಸಂದರ್ಶಿಸಬೇಕಿದೆ. ಭಯವಾಗುತ್ತಿದೆ.
– ಓದುಗರು, ದಾವಣಗೆರೆ

ಭಯವಿರುವುದು ಒಳ್ಳೆಯದು. ಸಂಶೋಧನೆಯ ನೀತಿ ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬಾರದೆ ಒಂದು ಬಾಗಿಲನ್ನೂ ತಟ್ಟಬೇಡಿ. ಒಪ್ಪಿಗೆಯ ಮಾತನ್ನು ಕನ್ನಡದಲ್ಲೋ, ಅವರ ಮನೆಮಾತು ಉರ್ದುವಾದರೆ ಉರ್ದುವಿನಲ್ಲೋ ಓದಿ ಹೇಳಿ. ಸಹಿ ಬೇಡವೆಂದರೆ ಬಾಯಿಮಾತಿನ ಒಪ್ಪಿಗೆ ಸಾಕು. ಬೀದಿಯ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಬೇಡಿ, ಅವರೆದುರು ಹೆಂಗಸರು ಬಾಯಿಬಿಡುವುದಿಲ್ಲ.

ಮೊದಲ ಪ್ರಶ್ನೆ ಸಾವಿನದಾಗಬಾರದು. ‘ಆಗ ಯಾವ ಓಣಿಯಲ್ಲಿದ್ದಿರಿ? ಈ ಮನೆಗೆ ಬಂದದ್ದು ಯಾವಾಗ?’ ಎಂದು ಕೇಳಿ. ಮನೆ ಬದಲಿಸಿದ್ದು, ಮಕ್ಕಳನ್ನು ಬೇರೆ ಶಾಲೆಗೆ ಹಾಕಿದ್ದು, ಅಂಗಡಿಗೆ ಪಾಲುದಾರ ಸಿಗದೆ ಹೋದದ್ದು, ನೀವು ಹುಡುಕುವ ಪರಂಪರೆ ಇಂಥ ಉತ್ತರಗಳಲ್ಲೇ ಇರುತ್ತದೆ. ಇಸವಿ ನೆನಪಿರದಿದ್ದರೆ ‘ದೊಡ್ಡ ಮಗಳ ಮದುವೆಗೆ ಮುಂಚೆಯೋ ಆಮೇಲೋ?’ ಎಂದರೆ ಹೇಳುತ್ತಾರೆ.

ಯಾವ ಸಂಕೇತ ಯಾರ ಹೆಸರಿಗೆ ಎಂಬ ಪಟ್ಟಿಯನ್ನು ಧ್ವನಿಮುದ್ರಿಕೆಯ ಜೊತೆ ಒಂದೇ ಕಂಪ್ಯೂಟರಿನಲ್ಲಿ ಇಡಬೇಡಿ. ವಕೀಲ–ಕಕ್ಷಿದಾರರ ಮಾತಿಗಿರುವ ಕಾನೂನಿನ ರಕ್ಷೆ ಸಂಶೋಧಕರ ಟಿಪ್ಪಣಿಗಿಲ್ಲ. ‘ಇಂಥವನೇ ಕೊಂದ’ ಎಂಬ ಮಾತು ಬಂದರೆ ಧ್ವನಿಮುದ್ರಣ ನಿಲ್ಲಿಸಿ, ಹೆಸರು ಬರೆಯಬೇಡಿ. ಅವರು ಅತ್ತರೆ ಪುಸ್ತಕ ಮುಚ್ಚಿ ಜೊತೆಗೆ ಕೂತಿರಿ. ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ. ಪರಿಹಾರ ಕೊಡಿಸುವ ಭರವಸೆ ಮಾತ್ರ ಬಾಯಿತಪ್ಪಿಯೂ ಬೇಡ.

ಪ್ರಶ್ನೆ: ಪಿಎಚ್.ಡಿ.ಯಲ್ಲಿ ಇಷ್ಟಕ್ಕೆಲ್ಲ ಸಮಯ ಎಷ್ಟಿದೆ?
– ಓದುಗರು, ಹಿರಿಯೂರು

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿಯಾದರೆ ಇನ್ನೂ 2. ಮಹಿಳೆಯರಿಗೆ ಅದರ ಮೇಲೆ 2 ವರ್ಷದ ರಿಯಾಯಿತಿ ಇದೆ. ಕೋರ್ಸ್‌ವರ್ಕ್ ನಡೆಯುವಾಗಲೇ ಹಳೆಯ ಕಡತಗಳಲ್ಲಿ ಬಳಸಿದ ಮೋಡಿ ಬರಹ (ಕೂಡಕ್ಷರದ ಓಟದ ಬರಹ) ಕಲಿಯಲು ಕೂರಿ. ವಿಕಾಸ ಸೌಧದ ರಾಜ್ಯ ಪತ್ರಾಗಾರದಲ್ಲಿ ಕಡತ ಕೈಗೆ ಬಂದ ದಿನ ಓದಲಾಗದೆ ಕೂತರೆ ಬೆಂಗಳೂರಿನ ಆ ಪ್ರಯಾಣ ವ್ಯರ್ಥ.